"ಲಿವರ್ ಸುಡ್ತಾವಂತ, ಖರೆ ಏನ್ರಿ?"

ಎಚ್‌ಐವಿ ಇರುವ ಮಕ್ಕಳಿಗೆ ಮಾತ್ರೆ ಕೊಡುವ ಕೌಂಟರಿನ ಹಿಂದೆ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಕರ್ನಾಟಕದ ಒಂದು ಎಆರ್‌ಟಿ (ಎಚ್‌ಐವಿ ಅಡಗಿಸುವ ಔಷಧಿ ಚಿಕಿತ್ಸೆ) ಸೆಂಟರಿನಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದೆ. ಈಗ ಆ ಕೆಲಸ ಬಿಟ್ಟಿದ್ದೇನೆ, ಪ್ರಶ್ನೆ ಮಾತ್ರ ಬೆನ್ನು ಬಿಟ್ಟಿಲ್ಲ. ಕೇಳುತ್ತಿದ್ದವರು ಹೆಚ್ಚಾಗಿ ಅಜ್ಜಿಯರು. ಮಗ, ಸೊಸೆ ಇಬ್ಬರೂ ಹೋಗಿ, ಮೊಮ್ಮಗುವನ್ನು ಸಾಕುವ ಅಜ್ಜಿಯರು. ವೈರಸ್ ಎಷ್ಟು ಕಮ್ಮಿಯಾಗಿದೆ, ರೋಗ ಎದುರಿಸುವ ಸಿಡಿ4 ಕಣ ಎಷ್ಟಿದೆ ಎಂದು ಅವರು ಕೇಳುತ್ತಿರಲಿಲ್ಲ. ಸಾಲು ಕರಗುವವರೆಗೆ ಕಾದು, ಕೌಂಟರಿನ ಮೇಲೆ ಬಗ್ಗಿ ಕೇಳುತ್ತಿದ್ದರು: "ಮೇಡಂ ರೀ, ಈ ಗುಳಿಗಿ ಲಿವರ್ ಸುಡ್ತಾವಂತ, ಖರೆ ಏನ್ರಿ?"

ಲಿವರೇ ಯಾಕೆ ಅಂತ ನನಗೆ ಆಗ ಬಹಳ ಸಲ ಅನಿಸಿದ್ದುಂಟು. ಎಚ್‌ಐವಿ ಔಷಧಿಗಳಲ್ಲಿ ಜಿಡೊವುಡಿನ್ ರಕ್ತ ಕಮ್ಮಿ ಮಾಡುತ್ತದೆ. ಟೆನೊಫೊವಿರ್ ಕಿಡ್ನಿಗೆ ತೊಂದರೆ ಕೊಡಬಹುದು. ಅದನ್ನು ಯಾರೂ ಕೇಳಲ್ಲ. ಆಮೇಲೆ ನಿಧಾನಕ್ಕೆ ಹೊಳೆಯಿತು. ಪ್ರತಿ ಓಣಿಯಲ್ಲೂ ಕುಡಿದು ಲಿವರ್ ಕೆಡಿಸಿಕೊಂಡು ಸತ್ತವನೊಬ್ಬ ಇರುತ್ತಾನೆ. ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಹೋದದ್ದನ್ನು ಇವರೆಲ್ಲ ಕಣ್ಣಾರೆ ನೋಡಿದ್ದಾರೆ. ಎಚ್‌ಐವಿ ಕಾಣಿಸಲ್ಲ, ಸಿಡಿ4 ಕಾಣಿಸಲ್ಲ, ಕಾಮಣಿ (ಕಾಮಾಲೆ) ಕಾಣಿಸುತ್ತದೆ. ಏನೂ ಕುಡಿಯದ ಕೂಸಿಗೆ ನಾನೇ ದಿನಾ ಕೈಯಾರೆ ಕೊಡುವ ಗುಳಿಗಿಯಿಂದ ಅದೇ ಗತಿ ಬಂದರೆ? ಅಜ್ಜಿಯ ಭಯ ಅದು.

ಎರಡು ಡಬ್ಬಿಗಳ ಕಾಲ

ಆ ಭಯ ಸುಮ್ನೆ ಹುಟ್ಟಿದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರ ಕೊನೆಗೆ. ಆಗಿನ ಮಾತ್ರೆಗಳಲ್ಲಿ ಮೂರು ಔಷಧಿ ಒಟ್ಟಿಗೆ ಇರುತ್ತಿದ್ದವು: ಸ್ಟಾವುಡಿನ್ ಇಲ್ಲವೇ ಜಿಡೊವುಡಿನ್, ಲಾಮಿವುಡಿನ್, ನೆವಿರಪಿನ್. ಇದರಲ್ಲಿ ನೆವಿರಪಿನ್ ಸ್ವಲ್ಪ ಒರಟು. ಮೊದಲ ದಿನದಿಂದಲೇ ಪೂರ್ತಿ ಡೋಸ್ ಕೊಟ್ಟರೆ ಮೈಮೇಲೆ ದದ್ದು ಏಳುವ ಸಾಧ್ಯತೆ ಜಾಸ್ತಿ. ಕೆಲವರಲ್ಲಿ ದದ್ದಿನ ಜೊತೆಗೇ ಲಿವರ್ ಕೂಡ ಕೆರಳುತ್ತದೆ. ತನ್ನನ್ನು ಕರಗಿಸುವ ಕಿಣ್ವಗಳನ್ನು ಲಿವರ್‌ನಲ್ಲಿ ಈ ಔಷಧಿಯೇ ಹೆಚ್ಚು ಮಾಡಿಕೊಳ್ಳುತ್ತದೆ. ಅದಕ್ಕೆ ಕೆಲವು ದಿನ ಬೇಕು. ಹಾಗಾಗಿ ಮೊದಲ 14 ದಿನ ಅರ್ಧ ಡೋಸ್.

ಹೇಳೋಕೆ ಸುಲಭ. ಮನೆಯಲ್ಲಿ ಇದರ ಅರ್ಥ ಏನಪ್ಪಾ ಅಂದ್ರೆ, ಎರಡು ಡಬ್ಬಿ. ಬೆಳಿಗ್ಗೆ ಮೂರು ಔಷಧಿ ಇರುವ ಮಾತ್ರೆ, ಸಂಜೆ ನೆವಿರಪಿನ್ ಇಲ್ಲದ ಮಾತ್ರೆ. 14 ದಿನ ಆದಮೇಲೆ ಎರಡೂ ಹೊತ್ತು ಒಂದೇ ಡಬ್ಬಿ. ಓದಲು ಬಾರದ ಅಜ್ಜಿಗೆ ಇದನ್ನು ಹೇಗೆ ಹೇಳುವುದು? ನಾವು ಒಂದು ಡಬ್ಬಿಯ ಮುಚ್ಚಳದ ಮೇಲೆ ಸೂರ್ಯನ ಚಿತ್ರ ಬರೆಯುತ್ತಿದ್ದೆವು, ಇನ್ನೊಂದರ ಮೇಲೆ ಚಂದ್ರ. ನೆವಿರಪಿನ್‌ನಿಂದ ಲಿವರ್‌ಗೆ ಅಪಾಯ ಹೆಚ್ಚಿರುವುದು ಮೊದಲ ಆರು ವಾರ. 18 ವಾರದವರೆಗೆ ಹುಷಾರಾಗಿರಿ ಎಂದು ಔಷಧಿಯ ಎಚ್ಚರಿಕೆಯಲ್ಲೇ ಇದೆ. ದೊಡ್ಡವರಿಗೆ, ಅದರಲ್ಲೂ ಸಿಡಿ4 ಚೆನ್ನಾಗಿರುವ ಹೆಂಗಸರಿಗೆ, ಈ ಕಾಟ ಜಾಸ್ತಿ. ಮಕ್ಕಳಿಗೆ ಕಮ್ಮಿ. ಕಮ್ಮಿ ಅಂದ್ರೆ ಇಲ್ಲ ಅಂತಲ್ಲ.

ಸ್ಟಾವುಡಿನ್‌ನದು ಇನ್ನೊಂದು ಕಥೆ. ಅದು, ಅದರ ಜೊತೆಯ ಡಿಡಾನೊಸಿನ್, ಎರಡೂ ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗಕ್ಕೇ ಕೈ ಹಾಕುತ್ತಿದ್ದವು. ಲಿವರ್‌ನಲ್ಲಿ ಕೊಬ್ಬು ಕಟ್ಟುವುದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದು, ಇಂಥವು. ಡಿಡಾನೊಸಿನ್‌ನಿಂದ ಕೆಲವರಿಗೆ ಲಿವರ್‌ಗೆ ಹೋಗುವ ರಕ್ತನಾಳದಲ್ಲೇ ಒತ್ತಡ ಏರುತ್ತದೆ ಎಂದು 2010ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಅದೇ ಹೊತ್ತಿಗೆ ಸ್ಟಾವುಡಿನ್ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತಿತ್ತು. ಈ ಔಷಧಿಗಳು ಹೋದವು. ಅವುಗಳ ಬಗ್ಗೆ ಹುಟ್ಟಿದ ಮಾತು ಹೋಗಲಿಲ್ಲ. ಇವತ್ತು ಮಗುವಿನ ಕೈಯಲ್ಲಿರುವುದು ಬೇರೆಯೇ ಮಾತ್ರೆ, ಓಣಿಯಲ್ಲಿ ಓಡಾಡುವುದು ಹದಿನೈದು ವರ್ಷದ ಹಿಂದಿನ ಸುದ್ದಿ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಲೊಪಿನಾವಿರ್-ರಿಟೊನಾವಿರ್ ಎಂಬ ಸಿರಪ್ ಇತ್ತು. ಎಳೆ ಮಕ್ಕಳಿಗೆ ನೆವಿರಪಿನ್‌ಗಿಂತ ಇದೇ ಒಳ್ಳೆಯದು ಎಂದು ಆಫ್ರಿಕಾದ ಆರು ದೇಶ ಮತ್ತು ಭಾರತದಲ್ಲಿ ನಡೆದ ಪರೀಕ್ಷೆಯಲ್ಲಿ ಸಾಬೀತಾಗಿತ್ತು. ಆದರೆ ಆ ಸಿರಪ್‌ನಲ್ಲಿ ಆಲ್ಕೋಹಾಲ್ ಎಷ್ಟು ಗೊತ್ತಾ? ಶೇ. 42.4. ನಮ್ಮ ಅಂಗಡಿಯಲ್ಲಿ ಸಿಗುವ ವಿಸ್ಕಿ ಬಾಟಲಿಯ ಮೇಲೆ 42.8 ಅಂತ ಇರುತ್ತದೆ. ಮಗುವಿಗೆ ಹೋಗುವುದು ಎಂಎಲ್ ಲೆಕ್ಕದಲ್ಲಿ, ನಿಜ. ಆದರೂ ದಿನ ತುಂಬದೆ ಹುಟ್ಟಿದ ಶಿಶುಗಳ ಲಿವರ್‌ಗೆ ಆ ಆಲ್ಕೋಹಾಲ್, ಅದರ ಜೊತೆಯ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ ಎರಡನ್ನೂ ಕರಗಿಸಲು ಆಗಲ್ಲ. ಹುಟ್ಟಿದ ಹದಿನಾಲ್ಕು ದಿನದೊಳಗೆ ಕೊಡಬೇಡಿ ಎಂದು 2011ರಲ್ಲಿ ಎಚ್ಚರಿಕೆ ಬಂತು. ಕುಡಿದು ಸತ್ತ ಗಂಡಸರನ್ನು ನೆನೆದು ಹೆದರುವ ಅಜ್ಜಿಗೆ ಈ ವಿಷಯ ಗೊತ್ತಿರಲಿಲ್ಲ. ನಾನಾಗಿ ಹೇಳಲೂ ಇಲ್ಲ. ಬಾಟಲಿ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ವಾಸನೆಯಿಂದ ಕೆಲವರಿಗೆ ತಾನಾಗೇ ಗೊತ್ತಾಗುತ್ತಿತ್ತು ಬಿಡಿ.

ಹಳದಿ ಕಣ್ಣಿನ ಹುಡುಗ

ಒಬ್ಬ ಹುಡುಗ ಇದ್ದ. ಹೈಸ್ಕೂಲು. ಮೊದಲು ಕೊಡುವ, ಅಂದರೆ ಮೊದಲ ಸಾಲಿನ ಔಷಧಿ ಕೆಲಸ ಮಾಡದೆ, ಎರಡನೇ ಸಾಲಿನ ಔಷಧಿಗೆ ಬಂದಿದ್ದ. ಅದರಲ್ಲಿ ಅಟಜನಾವಿರ್ ಎಂಬ ಮಾತ್ರೆ. ಚುರುಕಾಗಿದ್ದ, ತೂಕ ಬಂದಿತ್ತು, ಕಬಡ್ಡಿ ಆಡುತ್ತಿದ್ದ. ಒಂದು ತಿಂಗಳು ಬರಲೇ ಇಲ್ಲ. ಮುಂದಿನ ತಿಂಗಳು ಅಜ್ಜಿ ಎಳೆದುಕೊಂಡು ಬಂದರು. ಮುಂಗೈ ಮೇಲೆ ಸುಟ್ಟ ಗಾಯ, ದುಂಡಗೆ, ಇನ್ನೂ ಹಸಿ. ಡಬ್ಬಿ ತೆಗೆದು ಎಣಿಸಿದರೆ ಮಾತ್ರೆ ಹಾಗೇ ಉಳಿದಿವೆ.

"ಕಣ್ಣ ಹಳದಿ ಆಗಿದ್ದುರಿ. ಸಾಲ್ಯಾಗ ಹುಡುಗ್ರು ಕಾಮಣಿ ಕಾಮಣಿ ಅಂತ ಕಾಡಿದ್ರಂತ. ಬಾಜೂ ಊರಾಗ ಔಷಧ ಕೊಡಸಿದೆ. ಆ ಔಷಧ ಕುಡಿಯುಮುಂದ ಬ್ಯಾರೆ ಗುಳಿಗಿ ತಗೋಬಾರ್ದಂತ್ರಿ, ಪಥ್ಯ ಐತಿ."

ಉಪ್ಪಿಲ್ಲ, ಎಣ್ಣೆ ಇಲ್ಲ, ಎಚ್‌ಐವಿ ಮಾತ್ರೆಯೂ ಇಲ್ಲ. ಕೈಗೆ ಚುಟಿಗೆ ಬೇರೆ, ಅಂದರೆ ಸುಟ್ಟು ಬರೆ ಹಾಕಿಸಿದ್ದರು. "ಔಷಧ ಕುಡಿದ ಮ್ಯಾಲ ಕಣ್ಣ ತಿಳಿ ಆದ್ವುರಿ" ಎಂದು ಅಜ್ಜಿ ಗೆದ್ದವರ ಹಾಗೆ ನನ್ನನ್ನು ನೋಡಿದರು. ನಿಜಕ್ಕೂ ಆಗಿದ್ದವು. ನಾಟಿ ಔಷಧಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಎಲ್ಲಿ ಸಿಗಬೇಕು?

ಆಗಿದ್ದು ಇಷ್ಟೇ. ಹಳೆಯ ರಕ್ತಕಣ ಒಡೆದಾಗ ಬರುವ ಬಿಲಿರುಬಿನ್ ಎಂಬ ಹಳದಿ ಪದಾರ್ಥವನ್ನು ಲಿವರ್‌ನ ಒಂದು ಕಿಣ್ವ ಕರಗುವ ಹಾಗೆ ಮಾಡಿ ಹೊರಗೆ ಕಳಿಸುತ್ತದೆ. ಅಟಜನಾವಿರ್ ಆ ಕಿಣ್ವವನ್ನು ತಡೆಯುತ್ತದೆ. ಬಿಲಿರುಬಿನ್ ಏರುತ್ತದೆ, ಕಣ್ಣು ಹಳದಿಯಾಗುತ್ತದೆ. ಲಿವರ್ ಕೆಟ್ಟಿರುವುದಿಲ್ಲ. ಲಿವರ್‌ಗೆ ಪೆಟ್ಟು ಬಿದ್ದಿದೆಯಾ ಎಂದು ತೋರಿಸುವ ಎಸ್‌ಜಿಪಿಟಿ ರಕ್ತ ಪರೀಕ್ಷೆ ಮಾಡಿ ನೋಡಿದರೆ ನಾರ್ಮಲ್. ಮಾತ್ರೆ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಕಣ್ಣು ಬಿಳಿಯಾಗುತ್ತದೆ, ನಾಟಿ ಔಷಧಿ ಕುಡಿದರೂ ಅಷ್ಟೇ, ಕುಡಿಯದಿದ್ದರೂ ಅಷ್ಟೇ. ಹುಡುಗನ ಎರಡನೇ ಸಾಲಿನ ಔಷಧಿಗೆ ಇದರಿಂದ ಎಷ್ಟು ಪೆಟ್ಟು ಬಿತ್ತು ಎಂದು ತಿಳಿಯಲು ಮತ್ತೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ) ಮಾಡಿಸಿ ಕಾಯಬೇಕಾಯಿತು.

ಇದನ್ನು ಡಾಕ್ಟರು ಮಾತ್ರೆ ಕೊಡುವ ಮೊದಲೇ ಅಜ್ಜಿಗೆ ಹೇಳಿದ್ದರು. ಅಜ್ಜಿಗೆ ನೆನಪೂ ಇತ್ತು. ಆದರೆ ಹಳದಿ ಕಣ್ಣು ಕಂಡದ್ದು ಅಜ್ಜಿಗೊಬ್ಬರಿಗೇ ಅಲ್ಲ. ಶಾಲೆಗೆ ಕಂಡಿತು, ಓಣಿಗೆ ಕಂಡಿತು. "ಯಾಕ್ರೀ ಔಷಧ ಕೊಡಸಿಲ್ಲ?" ಎಂದು ಊರೆಲ್ಲ ಕೇಳುವಾಗ, "ಇವ ಅಟಜನಾವಿರ್ ತಗೋತಾನ, ಅದಕ್ಕ ಹಂಗ" ಎಂದು ಯಾವ ಅಜ್ಜಿ ಹೇಳಿಯಾರು? ಏನೂ ಹೇಳೋಕಾಗದೆ ಊರು ಹೇಳಿದ ಔಷಧಿಯನ್ನೇ ಕೊಡಿಸಿದರು. ಅವರಿಗೆ ತಿಳಿವಳಿಕೆ ಕಮ್ಮಿ ಅಂತ ನಮ್ಮ ಮೀಟಿಂಗುಗಳಲ್ಲಿ ಹೇಳುತ್ತಿದ್ದರು. ನನಗೆ ಹಾಗನಿಸಲಿಲ್ಲ, ಇವತ್ತಿಗೂ ಅನಿಸಲ್ಲ.

ಬಿಸ್ಕೆಟ್ ತಿನ್ನದ ಹುಡುಗಿ

ಇದಕ್ಕೆ ಪೂರಾ ಉಲ್ಟಾ ಇನ್ನೊಂದು. ಎಂಟೊಂಬತ್ತು ವರ್ಷದ ಹುಡುಗಿ, ಎಚ್‌ಐವಿ ಜೊತೆಗೆ ಟಿಬಿ. ಎರಡಕ್ಕೂ ಮಾತ್ರೆ ನಡೆಯುತ್ತಿತ್ತು. ಟಿಬಿಯ ನಾಲ್ಕು ಔಷಧಿಗಳಲ್ಲಿ ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್ ಮೇಲೆ ಭಾರ ಹಾಕುವಂಥವು. ಜೊತೆಗೆ ಎಚ್‌ಐವಿಗೆ ಎಫಾವಿರೆಂಜ್, ಬೇರೆ ಸೋಂಕು ತಡೆಯೋಕೆ ಸೆಪ್ಟ್ರಾನ್. ನಮ್ಮ ಸಿಸ್ಟರ್ ಬಂದ ಮಕ್ಕಳಿಗೆಲ್ಲ ಪಾರ್ಲೆ-ಜಿ ಕೊಡುತ್ತಿದ್ದರು. ಈ ಹುಡುಗಿ ತೆಗೆದುಕೊಂಡ ಕೂಡಲೇ ಬಾಯಿಗೆ ಹಾಕುವವಳು. ಅವತ್ತು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಬೆವರಿಗೆ ಬಿಸ್ಕೆಟ್ ಮೆತ್ತಗಾಗಿತ್ತು. ಸಿಸ್ಟರ್ ಅಜ್ಜನನ್ನು ಕೇಳಿದರು. "ನಾಕೈದ ದಿನ ಆತ್ರಿ, ಊಟ ಒಲ್ಲೆ ಅಂತಾಳ. ಮುಂಜಾನೆ ವಾಂತಿ ಮಾಡ್ತಾಳ. ಬಿಸಲಿಗೆ ಇರಬಕು." ಕಣ್ಣು ಹಾಲಿನ ಹಾಗೆ ಬಿಳಿ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದರೆ ಮುಖ ಕಿವುಚಿದಳು.

ಸಂಜೆ ಬಂದ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ನಾರ್ಮಲ್ ಮಿತಿಯ ಹತ್ತು ಪಟ್ಟು ದಾಟಿತ್ತು. ಇಂಥ ಹೊತ್ತಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಹೀಗಿದೆ: ವಾಂತಿ, ಹೊಟ್ಟೆನೋವು, ಕಾಮಾಲೆ ಏನಾದರೂ ಇದ್ದು ಎಸ್‌ಜಿಪಿಟಿ ಮೂರು ಪಟ್ಟು ದಾಟಿದರೆ, ಏನೂ ಇಲ್ಲದೆ ಐದು ಪಟ್ಟು ದಾಟಿದರೆ, ಲಿವರ್‌ಗೆ ತೊಂದರೆ ಕೊಡುವ ಟಿಬಿ ಔಷಧಿ ನಿಲ್ಲಿಸು. ನಿಲ್ಲಿಸಿದರು. ಅಡ್ಮಿಟ್ ಮಾಡಿಕೊಂಡರು. ಎಸ್‌ಜಿಪಿಟಿ ಇಳಿದ ಮೇಲೆ ಒಂದೊಂದೇ ಔಷಧಿಯನ್ನು ಮತ್ತೆ ಶುರು ಮಾಡಿ, ನಡುವೆ ರಕ್ತ ನೋಡಿ, ಪೈರಜಿನಮೈಡ್ ಒಂದನ್ನು ಕೊನೆಗೂ ಬಿಟ್ಟು, ಟಿಬಿ ಚಿಕಿತ್ಸೆ ಮುಗಿಸಿದರು. ಹುಡುಗಿ ಉಳಿದಳು.

ಒಬ್ಬನಿಗೆ ಕಣ್ಣು ಹಳದಿ, ಲಿವರ್‌ಗೆ ಏನೂ ಆಗಿಲ್ಲ. ಇನ್ನೊಬ್ಬಳಿಗೆ ಕಣ್ಣು ಬಿಳಿ, ಲಿವರ್ ಅಪಾಯದಲ್ಲಿ. ಊರಿಗೆ ಗೊತ್ತಿರುವ ಒಂದೇ ಗುರುತು ಎರಡು ಕಡೆಯೂ ಸುಳ್ಳು ಹೇಳಿತು.

ಹಾಗಾದರೆ ಪ್ರತಿ ತಿಂಗಳೂ ರಕ್ತ ತೆಗೆಯಬೇಕಾ?

ಈ ಪ್ರಶ್ನೆಯನ್ನು ಉಗಾಂಡ, ಜಿಂಬಾಬ್ವೆ ದೇಶಗಳಲ್ಲಿ ಬಹಳ ಚೆನ್ನಾಗಿ ಕೇಳಿದ್ದಾರೆ. ಆರೋ ಎಂಬ ಹೆಸರಿನ ಪರೀಕ್ಷೆ, 1206 ಮಕ್ಕಳು, 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ಮಕ್ಕಳಿಗೂ ಹನ್ನೆರಡು ವಾರಕ್ಕೊಮ್ಮೆ ರಕ್ತ ತೆಗೆದರು. ಅರ್ಧ ಮಕ್ಕಳ ರಿಪೋರ್ಟ್ ಡಾಕ್ಟರ ಕೈಗೆ ಹೋಯಿತು. ಇನ್ನರ್ಧ ಮಕ್ಕಳದನ್ನು ಸುಮ್ಮನೆ ಕೊಡಲಿಲ್ಲ. ಮಗುವನ್ನು ನೋಡಿ ಅನುಮಾನ ಬಂದು ಕೇಳಿದರೆ, ಇಲ್ಲವೇ ತೀರಾ ಅಪಾಯದ ಮಟ್ಟಕ್ಕೆ ಹೋಗಿದ್ದರೆ ಮಾತ್ರ ಕೊಟ್ಟರು. ಔಷಧಿಯ ಗಂಭೀರ ತೊಂದರೆಗಳಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಇದನ್ನು ಓದಿ ನಮ್ಮ ಲ್ಯಾಬಿನವರು ಮುಖ ಸಿಂಡರಿಸಿದ್ದರು. ನನಗೆ ಖುಷಿಯಾಗಿತ್ತು. ರಕ್ತ ಪರೀಕ್ಷೆ ಬೇಡ ಅಂತ ಅದರ ಅರ್ಥ ಅಲ್ಲ. ಶುರು ಮಾಡುವಾಗ ಬೇಕು, ಔಷಧಿ ಬದಲಿಸುವಾಗ ಬೇಕು, ಟಿಬಿ ಜೊತೆಗಿದ್ದರೆ, ಹೆಪಟೈಟಿಸ್ ಬಿ ಇದ್ದರೆ ಖಂಡಿತ ಬೇಕು. ಆದರೆ ಮಗುವನ್ನು ಚೆನ್ನಾಗಿ ನೋಡುವ, ಕೇಳುವ ಯಾರಾದರೂ ಇದ್ದರೆ, ಪ್ರತಿ ಸಲ ಬರುವ ಮಾಮೂಲಿ ಕಾಗದ ಹೆಚ್ಚಿಗೆ ಏನನ್ನೂ ಹೇಳಲ್ಲ. ಎಸ್‌ಜಿಪಿಟಿ 60 ಬಂತು, 70 ಬಂತು ಅಂತ ಹೆದರಿ ಮಾತ್ರೆ ಬಿಡಿಸುವ ಖಾಸಗಿ ಕ್ಲಿನಿಕ್ಕುಗಳನ್ನು ನೋಡಿದ್ದೇನೆ. ಅಷ್ಟು ಏರಿಕೆ ನೆಗಡಿ ಜ್ವರಕ್ಕೂ ಬರುತ್ತದೆ.

ಬಿಡಿಸುವುದರಲ್ಲೂ ಅಪಾಯ ಇದೆ. ಹೆಪಟೈಟಿಸ್ ಬಿ ಇರುವ ಮಗುವಿಗೆ ಲಾಮಿವುಡಿನ್, ಟೆನೊಫೊವಿರ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ. ಥಟ್ ಅಂತ ನಿಲ್ಲಿಸಿದರೆ ಅದು ಭುಗಿಲೇಳುತ್ತದೆ. ಲಿವರ್ ಉಳಿಸೋಕೆ ಅಂತ ಮಾತ್ರೆ ನಿಲ್ಲಿಸಿದ್ದರಿಂದಲೇ ಲಿವರ್ ಕೆಡುತ್ತದೆ.

ಅರ್ಧ ಗುಳಿಗಿ

ತೂಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಡೋಸ್ ತೂಕದ ಮೇಲೆ ಬದಲಾಗುತ್ತದೆ. 9.9 ಕಿಲೋ ಇದ್ದದ್ದು 10 ಆದರೆ ಮೇಲಿನ ಪಟ್ಟಿಗೆ ಹೋಯಿತು. ಚಪ್ಪಲಿ, ಸ್ವೆಟರ್ ಬಿಚ್ಚಿಸಿ ತೂಕ ಮಾಡುವುದಕ್ಕೂ ಲಿವರ್‌ಗೂ ಸಂಬಂಧ ಇದೆ ಅಂದ್ರೆ ಹೊಸಬರು ನಗುತ್ತಿದ್ದರು. ಅಜ್ಜಿಯರ ಲೆಕ್ಕ ಬೇರೆ: ಸಣ್ಣ ಕೂಸು, ಸಣ್ಣ ಲಿವರ್, ಅರ್ಧ ಗುಳಿಗಿ ಸಾಕು. ಎಷ್ಟೋ ಔಷಧಿಗಳ ವಿಷಯದಲ್ಲಿ ಇದು ತಪ್ಪು ಲೆಕ್ಕ. ಎಳೆ ಮಕ್ಕಳ ಲಿವರ್ ನೆವಿರಪಿನ್‌ನಂಥದ್ದನ್ನು ದೊಡ್ಡವರಿಗಿಂತ ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಕಿಲೋ ಲೆಕ್ಕದಲ್ಲಿ ಅವರಿಗೇ ಜಾಸ್ತಿ ಬೇಕು. ಪ್ರೀತಿಯಿಂದ ಅರ್ಧ ಮಾಡಿ ಕೊಟ್ಟ ಮಾತ್ರೆ ವೈರಸ್ಸಿಗೆ ಪಾಠ ಕಲಿಸುತ್ತದೆ ಅಷ್ಟೇ, ಔಷಧಿಯನ್ನು ಸೋಲಿಸುವ ಪಾಠ.

ಈಗಿನ ಕಾಲ ಎಷ್ಟೋ ವಾಸಿ. ಡೊಲುಟೆಗ್ರಾವಿರ್ ಎಂಬ ಹೊಸ ಎಚ್‌ಐವಿ ಔಷಧಿ ಬಂದಿದೆ. ನೀರಿನಲ್ಲಿ ಕರಗಿಸಿ ಕುಡಿಸುವ 10 ಎಂಜಿ ಮಾತ್ರೆಯ ಜೆನೆರಿಕ್ 2020ರ ಕೊನೆಗೆ ಬಂತು, ಬಡ ದೇಶಗಳಿಗೆ ವರ್ಷಕ್ಕೆ ಒಂದು ಮಗುವಿಗೆ 36 ಡಾಲರ್‌ಗೆ. ಒಡಿಸ್ಸಿ ಎಂಬ ಪರೀಕ್ಷೆಯಲ್ಲಿ 707 ಮಕ್ಕಳ ಮೇಲೆ ನೋಡಿದಾಗ ಹಳೆಯ ಔಷಧಿಗಳಿಗಿಂತ ಇದರಲ್ಲಿ ಚಿಕಿತ್ಸೆ ಸೋತದ್ದು ಕಮ್ಮಿ. ಲಿವರ್‌ಗೆ ಇದರಿಂದ ತೊಂದರೆ ಅಪರೂಪ. ಒಂದು ಎಚ್ಚರ ಇದೆ: ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದು ಡೊಲುಟೆಗ್ರಾವಿರ್ ಅನ್ನು ಬೇಗ ಕರಗಿಸಿ ಹಾಕುತ್ತದೆ. ಆಗ ದಿನಕ್ಕೆ ಎರಡು ಸಲ ಕೊಡಬೇಕು. ಅಂದರೆ ಟಿಬಿ ಡಾಕ್ಟರಿಗೆ ಎಚ್‌ಐವಿ ವಿಷಯ ಗೊತ್ತಿರಬೇಕು.

ಗೊತ್ತಿರಬೇಕು, ಆದರೆ ಹೇಳೋದು ಹೇಗೆ?

ನನ್ನ ಮಟ್ಟಿಗೆ ಗಂಟು ಇರುವುದು ಇಲ್ಲಿ. ಸೆಂಟರಿನಲ್ಲಿ ಡಬ್ಬಿ ಕೊಟ್ಟ ಕೂಡಲೇ ಕೆಲವರು ಹೊರಗೆ ಬೇವಿನ ಮರದ ಕೆಳಗೆ ನಿಂತು ಉಗುರಿನಿಂದ ಲೇಬಲ್ ಕೆರೆದು ತೆಗೆಯುತ್ತಿದ್ದರು. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದುಕೊಂಡು, ನಮ್ಮ ಡಬ್ಬಿಯನ್ನು ಅಲ್ಲೇ ಬಿಸಾಕಿ ಬಸ್ ಹತ್ತುತ್ತಿದ್ದರು. ಮನೆಯಲ್ಲಿ ಆ ಮಾತ್ರೆಗೆ "ರಕ್ತದ ಗುಳಿಗಿ" ಎಂದು ಹೆಸರು. ಮಗುವಿಗೂ ಅದೇ ಗೊತ್ತು. ರೋಗದ ಹೆಸರು ಗೊತ್ತಿಲ್ಲ, ಮಾತ್ರೆಯ ಹೆಸರೂ ಗೊತ್ತಿಲ್ಲ.

ಈಗ ಆ ಮಗುವಿಗೆ ಜ್ವರ ಬರುತ್ತದೆ. ಊರಿನ ಡಾಕ್ಟರ ಹತ್ತಿರ ಹೋಗುತ್ತಾರೆ, ಇಲ್ಲವೇ ನೇರ ಔಷಧಿ ಅಂಗಡಿಗೆ. "ಬ್ಯಾರೆ ಏನರ ಗುಳಿಗಿ ತಗೋತಾನೇನು?" "ಇಲ್ರಿ." ಅಲ್ಲಿಂದ ಮುಂದೆ ಏನು ಬೇಕಾದರೂ ಆಗಬಹುದು. ಮಕ್ಕಳ ಲಿವರ್‌ಗೆ ಒಳ್ಳೆಯದಲ್ಲ ಎಂದು 2011ರಲ್ಲೇ ಹನ್ನೆರಡು ವರ್ಷದೊಳಗಿನವರಿಗೆ ನಿಷೇಧವಾದ ನಿಮೆಸುಲೈಡ್ ಕೆಲವು ಕಡೆ ಆಮೇಲೂ ಕೈಗೆ ಸಿಗುತ್ತಿತ್ತು. ಪ್ಯಾರಾಸಿಟಮಾಲ್ ಬಾಟಲಿಗಳ ಗೊಂದಲ ಎಲ್ಲ ಮಕ್ಕಳ ಮನೆಯಲ್ಲೂ ಇದೆ: ಶಿಶುಗಳ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಎಂಜಿ, ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಇಲ್ಲವೇ 250. ಡ್ರಾಪ್ಸ್ ಬಾಟಲಿಯಿಂದ ಚಮಚ ತುಂಬಿ ಕುಡಿಸಿದರೆ ಲೆಕ್ಕ ಹಾಕಿ ನೋಡಿ. ಮೇಲೆ ನಾಟಿ ಔಷಧಿ, ಮೇಲೊಂದು ಲಿವರ್ ಟಾನಿಕ್. ಮಗುವಿನ ಲಿವರ್‌ಗೆ ಏನಾದರೂ ಆದರೆ, ಬೈಗುಳ ಮಾತ್ರ ಎಚ್‌ಐವಿ ಮಾತ್ರೆಗೆ.

"ಮುಂದಿನ ಸಲ ಬರುವಾಗ ಮನೆಯಲ್ಲಿ ಮಗುವಿಗೆ ಕುಡಿಸುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ" ಅಂತ ಹೇಳುವ ರೂಢಿ ಮಾಡಿಕೊಂಡಿದ್ದೆ. ಚೀಲದಿಂದ ಏನೇನು ಬಂದಿದೆ ಅಂತೀರಿ! ಎಕ್ಸ್‌ಪೈರಿ ಆದ ಸಿರಪ್, ಅಜ್ಜನ ಬಿಪಿ ಮಾತ್ರೆ, ಒಣಗಿಸಿದ ನೆಲನೆಲ್ಲಿ, ಹೆಸರೇ ಇಲ್ಲದ ಕರಿ ಉಂಡೆಗಳು. ಬೈಯದೆ ಕೇಳಿದರೆ ಎಲ್ಲವನ್ನೂ ತೆಗೆದು ಇಡುತ್ತಾರೆ. ಒಂದು ಸಲ ಬೈದರೆ ಚೀಲ ಮತ್ತೆ ಬರಲ್ಲ.

ಲಿವರ್ ಅಪಾಯದ ಬಗ್ಗೆ ಮನೆಯವರಿಗೆ ಎಷ್ಟು ಹೇಳಬೇಕು ಎಂದು ನನಗೂ ನಮ್ಮ ಕೌನ್ಸೆಲರ್‌ಗೂ ಜಗಳ ಆಗುತ್ತಿತ್ತು. "ಜಾಸ್ತಿ ಹೇಳಬ್ಯಾಡ್ರಿ, ಹೆದರಿ ಬಿಟ್ಟುಬಿಡ್ತಾರ" ಅಂತ ಅವರು. ನಾನು ಹೇಳದಿದ್ದರೆ ಓಣಿ ಹೇಳುತ್ತದೆ, ಅದೂ ತಪ್ಪಾಗಿ ಹೇಳುತ್ತದೆ ಅಂತ ನಾನು. ವಾಂತಿ, ಊಟ ಒಲ್ಲೆ ಅನ್ನೋದು, ಬಲಗಡೆ ಹೊಟ್ಟೆನೋವು, ಚಹಾದ ಬಣ್ಣದ ಮೂತ್ರ, ಮೈಮೇಲೆ ದದ್ದು, ಇಷ್ಟರಲ್ಲಿ ಯಾವುದು ಕಂಡರೂ ಮಾತ್ರೆ ನೀವೇ ನಿಲ್ಲಿಸಬೇಡಿ, ಅವತ್ತೇ ಬನ್ನಿ, ಆಗದಿದ್ದರೆ ಫೋನ್ ಮಾಡಿ. ಇಷ್ಟನ್ನು ನಾನು ಹೇಳುತ್ತಿದ್ದೆ. ಹೀಗೆ ಹೇಳಿಸಿಕೊಂಡವರಲ್ಲಿ ಕೆಲವರು ಹೆದರಿ ಬಿಟ್ಟದ್ದೂ ಉಂಟು, ಕೌನ್ಸೆಲರ್ ಮಾತು ಪೂರ್ತಿ ಸುಳ್ಳಲ್ಲ.

ಆ ಕಬಡ್ಡಿ ಹುಡುಗನಿಗೆ ಕೊನೆಗೆ ಎಲ್ಲವನ್ನೂ ಹೇಳಿದರು, ರೋಗದ ಹೆಸರು ಸಮೇತ. ಡಾಕ್ಟರು ಮಾತ್ರೆಯನ್ನೂ ಬದಲಿಸಿದರು, ಹಳದಿಯ ಕಾಟ ತಪ್ಪಿತು. ಅವನು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: "ಬ್ಯಾರೆ ಡಾಕ್ಟರ್ ಕೇಳಿದ್ರ ಏನಂತ ಹೇಳ್ಲಿ?" ಒಂದು ಚೀಟಿಯಲ್ಲಿ ಔಷಧಿಗಳ ಹೆಸರಷ್ಟೇ ಬರೆದುಕೊಟ್ಟೆ. ರೋಗದ ಹೆಸರು ಬೇಡ, ಡಾಕ್ಟರಾದವರಿಗೆ ಇದನ್ನು ಓದಿದರೆ ಅರ್ಥ ಆಗುತ್ತದೆ, ಉಳಿದವರಿಗೆ ಆಗಲ್ಲ ಎಂದೆ. ಮುಂದಿನ ತಿಂಗಳು ಬಂದು ನಗುತ್ತಾ ಹೇಳಿದ: "ಅಂಗಡ್ಯಾಂವ ಫೋನ್‌ನ್ಯಾಗ ಹೆಸರ ಹಾಕಿ ನೋಡಿದ್ರಿ ಮೇಡಂ." ಆಮೇಲಿಂದ ಅವನು ಜ್ವರ ಬಂದರೂ ಊರಲ್ಲಿ ಔಷಧಿ ತಗೊಳ್ಳುತ್ತಿರಲಿಲ್ಲ. ಬಸ್ ಹತ್ತಿ ಸೀದಾ ನಮ್ಮ ಸೆಂಟರಿಗೇ ಬರುತ್ತಿದ್ದ, ಒಂದು ಪ್ಯಾರಾಸಿಟಮಾಲ್‌ಗೋಸ್ಕರ.